ಬೆನ್ನು ಬಿದ್ದವನನ್ನು ಕೊಲೆಗಾರ ಎಂದು ಕರೆದ ಅಗ್ಗದ ಸಿನಿಮಾ

ಪುಣೆಯ ನಮ್ಮ ಕನ್ನಡದ ಗೆಳೆಯರು ಸೇರಿದಾಗ ಸಿನಿಮಾದ ಮಾತು ಬಂದರೆ ಅದು ಎರಡೇ ದಾರಿ ಹಿಡಿಯುತ್ತದೆ. ಒಂದು ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ದಾರಿ: ಗಿರೀಶ ಕಾರ್ನಾಡರು ಎಪ್ಪತ್ತರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದದ್ದು, ಗಿರೀಶ ಕಾಸರವಳ್ಳಿ ಅಲ್ಲಿ ಕಲಿತು ಹೋಗಿ 1977ರಲ್ಲಿ ‘ಘಟಶ್ರಾದ್ಧ’ ಮಾಡಿದ್ದು, ನಾವೆಲ್ಲ ಆ ಪರಂಪರೆಯ ವಾರಸುದಾರರು ಅನ್ನುವ ಸಮಾಧಾನ. ಇನ್ನೊಂದು ವಾರಾಂತ್ಯದ ಮಲ್ಟಿಪ್ಲೆಕ್ಸಿನ ದಾರಿ: ಊರು ಬಿಟ್ಟು ಬಂದವರ ಮನಸ್ಸಿಗೆ ತಂಪೆರೆಯಲು ಒಂದೋ ಎರಡೋ ಆಟ ಕಾಣುವ ದೊಡ್ಡ ಹೀರೋನ ಕನ್ನಡ ಸಿನಿಮಾ. ಮೊದಲನೆಯದನ್ನು ಹೊಗಳುತ್ತೇವೆ, ಎರಡನೆಯದನ್ನು ನೋಡುತ್ತೇವೆ. ಮೂರನೆಯ ಒಂದು ಬಗೆಯ ಸಿನಿಮಾ ಇದೆ. ಅದನ್ನು ನೋಡಿದೆ ಎಂದು ಹೇಳಿದರೆ ಸಾಕು, ಎದುರಿಗಿದ್ದವರು ನಿಮ್ಮ ಓದಿನ ಬಗ್ಗೆ, ಕೆಲವೊಮ್ಮೆ ನಿಮ್ಮ ಮಾನಸಿಕ ಆರೋಗ್ಯದ ಬಗ್ಗೆಯೇ ಸಂಶಯಪಡುತ್ತಾರೆ.

ಅದು ಸ್ಲ್ಯಾಶರ್ ಸಿನಿಮಾ. ಅದರಲ್ಲೂ ಕಡಿಮೆ ದುಡ್ಡಿನ, ಹೈಸ್ಕೂಲು ಹುಡುಗ ಹುಡುಗಿಯರ ಸ್ಲ್ಯಾಶರ್. ಗೊತ್ತಿಲ್ಲದವರಿಗೆ ಒಂದೇ ಸಾಲಿನಲ್ಲಿ ಹೇಳುವುದಾದರೆ: ಮುಖವಾಡ ಹಾಕಿದ ಒಬ್ಬ ಚಾಕು ಹಿಡಿದು ಒಂದು ಸಣ್ಣ ಊರಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ, ಕೊನೆಗೆ ಒಬ್ಬ ಹುಡುಗಿ ಉಳಿಯುತ್ತಾಳೆ. ಕಥೆ ಇಷ್ಟೇ. ಈ ಬಡಪಾಯಿ ಸಿನಿಮಾದ ಪರವಾಗಿ ನಾನು ವಕಾಲತ್ತು ವಹಿಸುತ್ತಿದ್ದೇನೆ. ನನ್ನ ವಾದ ಇಷ್ಟು: ಮನೆಮಂದಿಯೆಲ್ಲ ಕೂತು ನೋಡಬಹುದು ಎಂದು ನಾವು ಸರ್ಟಿಫಿಕೇಟು ಕೊಟ್ಟ ಸಿನಿಮಾಗಳು ಹದಿಹರೆಯದ ಹುಡುಗಿಯರ ವಿಷಯದಲ್ಲಿ ಹೇಳಿದ ಒಂದು ದೊಡ್ಡ ಸುಳ್ಳನ್ನು ಈ ಅಗ್ಗದ ಸಿನಿಮಾ ಹೇಳಲಿಲ್ಲ. ಅದರ ದುಡ್ಡಿನ ಕೊರತೆಯೂ ಈ ಸತ್ಯಕ್ಕೆ ಒಂದು ಕಾರಣ.

ಮೊದಲು ದುಡ್ಡಿನ ಲೆಕ್ಕ. ಪ್ರಾಜೆಕ್ಟು ನಡೆಸಿ ಹೊಟ್ಟೆ ಹೊರೆಯುವವನಿಗೆ ಬಜೆಟ್ಟು ನೋಡದೆ ಮುಂದೆ ಹೋಗಲು ಆಗುವುದಿಲ್ಲ. ಈ ಜಾತಿಯ ಮೂಲಪುರುಷ ಎನ್ನಬಹುದಾದ ಸಿನಿಮಾ ಜಾನ್ ಕಾರ್ಪೆಂಟರನ ‘ಹ್ಯಾಲೋವೀನ್’, 1978ರದು. ಖರ್ಚು ಸುಮಾರು 3 ಲಕ್ಷ 25 ಸಾವಿರ ಡಾಲರು. ಆಗಿನ ರೂಪಾಯಿಯಲ್ಲಿ ಇಪ್ಪತ್ತೈದು ಲಕ್ಷದ ಆಸುಪಾಸು. ಮೂರು ನಾಲ್ಕು ವಾರದ ಶೂಟಿಂಗು. ಕಥೆ ನಡೆಯುವುದು ಎಲೆ ಉದುರುವ ಅಕ್ಟೋಬರಿನಲ್ಲಿ, ಶೂಟಿಂಗು ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಕಾಗದದ ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಹರಡಿದರು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ಬೀದಿಗೆ ಒಯ್ದರು. ಕೊಲೆಗಾರನ ಮುಖವಾಡ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕನದು. ಅಂಗಡಿಯಲ್ಲಿ ಎರಡು ಡಾಲರಿಗೆ ಕೊಂಡು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಹೊಡೆದರು. ಸಂಗೀತಕ್ಕೆ ಬೇರೆಯವರನ್ನು ಕರೆಯಲು ದುಡ್ಡಿರಲಿಲ್ಲ, ನಿರ್ದೇಶಕನೇ ಬಾರಿಸಿದ. ನಾಯಕಿ ಜೇಮೀ ಲೀ ಕರ್ಟಿಸ್‌ಗೆ ಅದು ಮೊದಲ ಸಿನಿಮಾ, ಸಂಭಾವನೆ ಎಂಟು ಸಾವಿರ ಡಾಲರು. ಗಳಿಕೆ ಏಳು ಕೋಟಿ ಡಾಲರಿನ ಹತ್ತಿರ.

ಗಳಿಕೆಯನ್ನು ನಾನು ಅರ್ಹತೆ ಎಂದು ಹೇಳುತ್ತಿಲ್ಲ. ಕೊರತೆ ಏನು ಮಾಡಿತು ಎಂಬುದನ್ನು ನೋಡಿ. ಮುಖವಾಡ ಅಗ್ಗದ್ದಾದ್ದರಿಂದ ಅದರಲ್ಲಿ ಭಾವವೇ ಇಲ್ಲ, ಭಾವವಿಲ್ಲದ ಮುಖಕ್ಕಿಂತ ಭಯದ್ದು ಇನ್ನೊಂದಿಲ್ಲ. ದೀಪಕ್ಕೆ ದುಡ್ಡಿಲ್ಲದ್ದರಿಂದ ಚೌಕಟ್ಟಿನ ಅರ್ಧ ಕತ್ತಲು, ಕತ್ತಲಲ್ಲಿ ಯಾರಿದ್ದಾರೆಂದು ನೋಡುಗ ತಾನೇ ಹುಡುಕಬೇಕು. ರಕ್ತ ಆ ಸಿನಿಮಾದಲ್ಲಿ ತೀರಾ ಕಡಿಮೆ. ನೋಡದವರು ಇದನ್ನು ನಂಬುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಸ್ಟಾರುಗಳನ್ನು ತರಲು ದುಡ್ಡಿಲ್ಲದ್ದರಿಂದ ವಿದ್ಯಾರ್ಥಿಗಳ ಪಾತ್ರದಲ್ಲಿ ಯಾರಿಗೂ ಗೊತ್ತಿಲ್ಲದ ಮುಖಗಳು. ಗೊತ್ತಿಲ್ಲದ ಮುಖ ಯಾವಾಗ ಬೇಕಾದರೂ ಸಾಯಬಹುದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೊಡ್ಡ ಸಿನಿಮಾದಲ್ಲಿ ಹೀರೋ ಸಾಯುವುದಿಲ್ಲ ಎಂಬುದು ಟಿಕೆಟು ಕೊಳ್ಳುವಾಗಲೇ ಆದ ಒಪ್ಪಂದ. ಅಲ್ಲಿ ಅಪಾಯ ಎಂಬುದೇ ಇಲ್ಲ, ಇರುವುದು ಅಪಾಯದ ಮೆರವಣಿಗೆ. 2022ರ ‘ಕೆಜಿಎಫ್’ ಎರಡನೆಯ ಭಾಗದಲ್ಲಿ ನಾಯಕ ‘ದೊಡ್ಡಮ್ಮ’ ಎಂಬ ಹೆಸರಿನ ಬಂದೂಕು ಹಿಡಿದು ಒಂದು ಪೊಲೀಸ್ ಠಾಣೆಯನ್ನೇ ಚಿಂದಿ ಮಾಡಿ, ಕೆಂಪಗೆ ಕಾದ ಅದರ ನಳಿಗೆಯಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಇಡೀ ಸಿನಿಮಾದಲ್ಲಿ ಸತ್ತವರೆಷ್ಟು ಎಂದು ಯಾರೂ ಎಣಿಸಲಿಲ್ಲ, ಎಣಿಸಬೇಕು ಎಂದೂ ಅನ್ನಿಸಲಿಲ್ಲ. ಆ ಸಿನಿಮಾಕ್ಕೆ ಸಿಕ್ಕಿದ್ದು ಯುಎ ಸರ್ಟಿಫಿಕೇಟು. ಸೊಸೈಟಿಯ ಮಕ್ಕಳೆಲ್ಲ ಹೋಗಿ ನೋಡಿ ಬಂದರು, ಯಾರ ಮನೆಯಲ್ಲೂ ಚರ್ಚೆಯಾಗಲಿಲ್ಲ. ಸ್ಲ್ಯಾಶರಿನಲ್ಲಿ ಸಾಯುವವರು ಹೆಚ್ಚೆಂದರೆ ಐದಾರು ಮಂದಿ. ಪ್ರತಿ ಸಾವಿಗೂ ಮೊದಲು ಹತ್ತು ನಿಮಿಷ ಆ ವ್ಯಕ್ತಿಯ ಜೊತೆ ನಮ್ಮನ್ನು ಕೂರಿಸುತ್ತಾರೆ, ಅವಳು ಫೋನಿನಲ್ಲಿ ಮಾತಾಡುತ್ತಾಳೆ, ಅಡುಗೆಮನೆಯಲ್ಲಿ ಏನೋ ಹುಡುಕುತ್ತಾಳೆ. ಕೊಲೆ ಎಂದರೆ ಒಂದು ಜೀವ ಹೋಗುವುದು ಎಂಬ ಅಂಕಗಣಿತ ಈ ಎರಡರಲ್ಲಿ ಯಾವ ಸಿನಿಮಾಕ್ಕೆ ಗೊತ್ತಿದೆ? ಹಿಂಸೆಯನ್ನು ವೈಭವೀಕರಿಸುವವನು ಯಾರು?

ಇನ್ನು ಮುಖ್ಯ ವಿಷಯ. ‘ಹ್ಯಾಲೋವೀನ್’ ಸಿನಿಮಾದ ಮೊದಲರ್ಧದಲ್ಲಿ ಕೊಲೆಗಳು ಹೆಚ್ಚಿಲ್ಲ. ಅಲ್ಲಿರುವುದು ಇದು: ಲಾರಿ ಎಂಬ ಹೈಸ್ಕೂಲು ಹುಡುಗಿ ತರಗತಿಯ ಕಿಟಕಿಯಿಂದ ಹೊರಗೆ ನೋಡುತ್ತಾಳೆ, ರಸ್ತೆಯ ಆಚೆ ಒಂದು ಕಾರಿನ ಪಕ್ಕ ಯಾರೋ ನಿಂತಿದ್ದಾನೆ. ಮನೆಗೆ ನಡೆದು ಹೋಗುವಾಗ ಅದೇ ಕಾರು ನಿಧಾನಕ್ಕೆ ಹಾದುಹೋಗುತ್ತದೆ. ಬೇಲಿಯ ಪಕ್ಕ ಅವನು ನಿಂತದ್ದನ್ನು ಗೆಳತಿಗೆ ತೋರಿಸುತ್ತಾಳೆ, ಗೆಳತಿ ಹೋಗಿ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ, ನಗು. ಕೋಣೆಯ ಕಿಟಕಿಯಿಂದ ನೋಡಿದರೆ ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಅವನು. ಒಬ್ಬ ಹುಡುಗಿ ‘ಯಾರೋ ನನ್ನ ಹಿಂದೆ ಬರುತ್ತಿದ್ದಾರೆ’ ಅನ್ನುತ್ತಾಳೆ, ಅವಳ ಸುತ್ತಲಿನವರು ಅದನ್ನು ತಮಾಷೆ ಮಾಡುತ್ತಾರೆ. ಮೊದಲರ್ಧದ ಬಹುಪಾಲು ಇಷ್ಟೇ. ಎರಡನೆಯರ್ಧದಲ್ಲಿ ಅವಳು ಪ್ರಾಣಭಯದಿಂದ ಓಡಿ ಪಕ್ಕದ ಮನೆಯ ಬಾಗಿಲು ಬಡಿಯುತ್ತಾಳೆ. ಒಳಗೆ ದೀಪ ಹತ್ತುತ್ತದೆ. ಯಾರೋ ಇಣುಕಿ ನೋಡುತ್ತಾರೆ. ದೀಪ ಆರುತ್ತದೆ. ನನ್ನ ಪ್ರಕಾರ ಆ ಸಿನಿಮಾದ ಅತ್ಯಂತ ಭಯಾನಕ ದೃಶ್ಯ ಅದೇ, ಅದರಲ್ಲಿ ಚಾಕುವೇ ಇಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಕಾಲೇಜು ಹುಡುಗಿಯ ಹಿಂದೆ ಬೈಕು ಬಿಟ್ಟುಕೊಂಡು ಹೋಗುವವನು, ಬಸ್ ನಿಲ್ದಾಣದಲ್ಲಿ ಕಾಯುವವನು, ಒಲ್ಲೆ ಅಂದರೂ ಬಿಡದೆ ಅವಳ ಮನೆಯ ಮುಂದೆ ನಿಲ್ಲುವವನು ನಮ್ಮ ಸಿನಿಮಾದಲ್ಲಿ ಯಾರು? ಹೀರೋ. ಹಿನ್ನೆಲೆಯಲ್ಲಿ ಹಾಡು ಬರುತ್ತದೆ, ಇಂಟರ್‌ವೆಲ್ ಹೊತ್ತಿಗೆ ಅವಳು ಒಪ್ಪಿರುತ್ತಾಳೆ. ಅವಳ ಒಲ್ಲೆ ಎಂಬ ಮಾತಿಗೆ ನಲವತ್ತು ವರ್ಷದಿಂದ ನಾವು ಕೊಟ್ಟ ಅರ್ಥ, ‘ಇನ್ನೂ ಸ್ವಲ್ಪ ದಿನ ಬೆನ್ನು ಬೀಳು’. ಹಿಂದಿಯಲ್ಲಿ 1993ರಲ್ಲಿ ‘ಡರ್’ ಬಂತು, 2000ದಲ್ಲಿ ಅದೇ ಕಥೆ ಕನ್ನಡದಲ್ಲಿ ‘ಪ್ರೀತ್ಸೇ’ ಆಯಿತು. ಒಲ್ಲದ ಹುಡುಗಿಯನ್ನು ಹಗಲು ರಾತ್ರಿ ಬೆನ್ನಟ್ಟುವವನ ಪಾತ್ರದಲ್ಲಿ ಉಪೇಂದ್ರ, ಅವಳನ್ನು ಕಾಯುವವನ ಪಾತ್ರದಲ್ಲಿ ಶಿವರಾಜಕುಮಾರ್. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಾವು ಅದನ್ನು ಟಾಕೀಸಿನಲ್ಲಿ ನೋಡಿದೆವು. ಶಿಳ್ಳೆ ಬಿದ್ದದ್ದು ಕಾಯುವವನಿಗಲ್ಲ. ಬೆನ್ನು ಬಿದ್ದವನ ಹೆಸರು ಹಿಡಿದು ಹುಡುಗರು ಕೂಗಿದರು, ಹಾಸ್ಟೆಲಿಗೆ ಬಂದ ಮೇಲೆ ಅವನ ಮಾತನ್ನೇ ಅನುಕರಿಸಿದರು. ಕಥೆಯಲ್ಲಿ ಅವನಿಗೆ ಶಿಕ್ಷೆ ಕೊಟ್ಟಿದ್ದರೂ ಕ್ಯಾಮರಾ ಮಾತ್ರ ಅವನನ್ನು ಪ್ರೀತಿಸುತ್ತಿತ್ತು. ನೋಡುಗರು ಕಥೆಗಿಂತ ಕ್ಯಾಮರಾವನ್ನು ನಂಬುತ್ತಾರೆ.

ಸ್ಲ್ಯಾಶರ್ ಈ ಒಂದು ಜಾಗದಲ್ಲಿ ಖಂಡಿತವಾದ ಮಾತು ಆಡುತ್ತದೆ. ಬೆನ್ನು ಬಿದ್ದವನಿಗೆ ಅದು ಹಾಡು ಕೊಡುವುದಿಲ್ಲ, ಅತ್ತುಕೊಂಡು ಹೇಳುವ ಹಿನ್ನೆಲೆಯ ಕಥೆ ಕೊಡುವುದಿಲ್ಲ, ಅವನ ಪ್ರೀತಿ ಎಷ್ಟು ಆಳವಾದದ್ದು ಎಂದು ಲೆಕ್ಕ ಹಾಕುವುದಿಲ್ಲ. ಅನೇಕ ಸಲ ಅವನಿಗೆ ಮುಖವನ್ನೇ ಕೊಡುವುದಿಲ್ಲ. ಅವನು ಏನು ಅನ್ನುವುದನ್ನು ಮೊದಲ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತದೆ. ಉಳಿದ ಒಂದೂವರೆ ತಾಸಿನ ಪ್ರಶ್ನೆ ಒಂದೇ: ಇದನ್ನು ಮೊದಲು ಕಂಡ ಹುಡುಗಿಯ ಮಾತನ್ನು ಯಾರಾದರೂ ಕೇಳುತ್ತಾರೋ ಇಲ್ಲವೋ.

ಇದು ಕೇವಲ ಸಿನಿಮಾ ಚರ್ಚೆಯಲ್ಲ ಎಂಬುದನ್ನು ಹುಬ್ಬಳ್ಳಿ ನಮಗೆ ತೋರಿಸಿತು. 2024ರ ಏಪ್ರಿಲ್ 18ರಂದು ಅಲ್ಲಿನ ಒಂದು ಕಾಲೇಜಿನ ಆವರಣದಲ್ಲೇ, ಹಾಡಹಗಲಿನಲ್ಲಿ, ತನ್ನನ್ನು ಒಲ್ಲೆ ಎಂದ ವಿದ್ಯಾರ್ಥಿನಿಯನ್ನು ಹಳೆಯ ಸಹಪಾಠಿಯೊಬ್ಬ ಚಾಕುವಿನಿಂದ ಇರಿದು ಕೊಂದ ಎಂಬ ಪ್ರಕರಣ ನಡೆಯಿತು. ಒಂದು ತಿಂಗಳೂ ತುಂಬಿರಲಿಲ್ಲ, ಮೇ ತಿಂಗಳಲ್ಲಿ ಅದೇ ಊರಿನಲ್ಲಿ ನಸುಕಿನ ಹೊತ್ತು ಮನೆಗೇ ಹೋಗಿ ಇನ್ನೊಬ್ಬ ಯುವತಿಯನ್ನು ಕೊಂದರು. ಬೆದರಿಕೆಯ ವಿಷಯವನ್ನು ಪೊಲೀಸರಿಗೆ ಮೊದಲೇ ತಿಳಿಸಿದ್ದೆವು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ಹೇಳಿದರು. ನಿರ್ಲಕ್ಷ್ಯಕ್ಕಾಗಿ ಪೊಲೀಸ್ ಅಧಿಕಾರಿ ಅಮಾನತಾದರು. ದೀಪ ಹತ್ತಿತು, ಇಣುಕಿದರು, ದೀಪ ಆರಿತು.

ಆಗ ನಾವೇನು ಮಾಡಿದೆವು? ಕಾಲೇಜಿನ ಕೊಲೆಯ ಸಿಸಿಟಿವಿ ತುಣುಕನ್ನು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿದೆವು. ಪುಣೆಯ ಕನ್ನಡಿಗರ ಗುಂಪುಗಳಲ್ಲೂ ಅದು ಬಂತು. ಗಣೇಶೋತ್ಸವದ ಚಂದಾ ಪಟ್ಟಿಗೂ, ಶುಭೋದಯದ ಹೂವಿಗೂ ನಡುವೆ. ಅದಕ್ಕೆ ಸರ್ಟಿಫಿಕೇಟು ಇರಲಿಲ್ಲ, ಎಚ್ಚರಿಕೆ ಇರಲಿಲ್ಲ, ಯಾವ ವಯಸ್ಸಿನವರು ನೋಡಬಾರದು ಎಂಬ ಗೆರೆ ಇರಲಿಲ್ಲ. ನಿಜವಾದ ಹುಡುಗಿಯ ನಿಜವಾದ ಸಾವನ್ನು ಮಕ್ಕಳ ಕೈಗೆ ಸಿಗುವ ಫೋನಿನಲ್ಲಿ ಇಟ್ಟುಕೊಂಡವರು ನಾವು. ಸ್ಲ್ಯಾಶರ್ ಸಿನಿಮಾ ಎಂದ ಕೂಡಲೇ ‘ಛೇ, ಇಂಥದ್ದೆಲ್ಲ ಮಕ್ಕಳ ಮನಸ್ಸು ಕೆಡಿಸುತ್ತದೆ’ ಅನ್ನುವವರೂ ನಾವೇ. ಸಿಸಿಟಿವಿಯ ಚಿತ್ರದಲ್ಲಿ ಹುಡುಗಿಗೆ ಹೆಸರಿನ ಹೊರತು ಏನೂ ಇಲ್ಲ, ಅವಳು ಸಾಯುವುದಕ್ಕಾಗಿಯೇ ಆ ಚೌಕಟ್ಟಿಗೆ ಬಂದ ಹಾಗೆ ಕಾಣುತ್ತಾಳೆ. ಸ್ಲ್ಯಾಶರಿನ ಕೊನೆಯ ಹುಡುಗಿಗೆ ಒಂದು ದಿನವಿದೆ, ಒಂದು ಮನೆಯಿದೆ, ಹೆಣಿಗೆಯ ಕಡ್ಡಿ, ಬಟ್ಟೆ ತೂಗುಹಾಕುವ ತಂತಿ ಎಂದು ಕೈಗೆ ಸಿಕ್ಕಿದ್ದನ್ನು ಹಿಡಿದು ತಿರುಗಿ ನಿಲ್ಲುವ ಹೊತ್ತು ಇದೆ. ನನ್ನ ಮಗಳು ಈಗ ಒಂಬತ್ತನೆಯ ತರಗತಿ. ಈ ಎರಡರಲ್ಲಿ ಅವಳು ಯಾವುದನ್ನು ನೋಡಬೇಕು ಎಂದು ನನ್ನನ್ನು ಕೇಳಿದರೆ ಉತ್ತರಕ್ಕೆ ನಾನು ತಡವರಿಸುವುದಿಲ್ಲ.

ಆಕ್ಷೇಪಗಳು ಇವೆ, ಅವುಗಳಲ್ಲಿ ಹುರುಳೂ ಇದೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಈ ಸಿನಿಮಾಗಳು ಹೆಣ್ಣಿನ ದೇಹವನ್ನು ತೋರಿಸಿ, ಪ್ರೇಮ ಮಾಡಿದವಳನ್ನು ಕೊಂದು, ಸಂಪನ್ನೆಯನ್ನು ಮಾತ್ರ ಉಳಿಸುತ್ತವೆ ಎಂಬುದು. ಎಂಬತ್ತರ ದಶಕದಲ್ಲಿ ರಾಶಿಗಟ್ಟಲೆ ಬಂದ ನಕಲುಗಳ ವಿಷಯದಲ್ಲಿ ಇದು ಬಹುಪಾಲು ನಿಜ. ಆದರೆ ಆ ರಾಶಿಯೊಳಗೇ 1982ರಲ್ಲಿ ‘ದಿ ಸ್ಲಂಬರ್ ಪಾರ್ಟಿ ಮ್ಯಾಸಕರ್’ ಎಂಬ ಇನ್ನೊಂದು ಕಡಿಮೆ ದುಡ್ಡಿನ ಹೈಸ್ಕೂಲು ಸ್ಲ್ಯಾಶರ್ ಬಂತು. ಅದರ ಚಿತ್ರಕಥೆ ಬರೆದವಳು ರೀಟಾ ಮೇ ಬ್ರೌನ್, ಹೆಸರಾಂತ ಸ್ತ್ರೀವಾದಿ ಕಾದಂಬರಿಕಾರ್ತಿ. ನಿರ್ದೇಶಿಸಿದವಳು ಏಮಿ ಹೋಲ್ಡನ್ ಜೋನ್ಸ್, ಸ್ಪೀಲ್‌ಬರ್ಗನ ‘ಇ.ಟಿ.’ ಸಂಕಲನದ ಕೆಲಸ ಕೈಬಿಟ್ಟು ಬಂದು ಇದನ್ನು ಮಾಡಿದಳು. ‘ಹ್ಯಾಲೋವೀನ್’ನಲ್ಲಿ ಹುಡುಗಿಯರ ಮಾತುಗಳನ್ನು ಬರೆದದ್ದು ನಿರ್ಮಾಪಕಿ ಡೆಬ್ರಾ ಹಿಲ್. ಉಳಿಯುವ ಆ ಒಬ್ಬ ಹುಡುಗಿಗೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟು, ಈ ಸಿನಿಮಾಗಳ ಮೇಲೆ 1992ರಲ್ಲಿ ಗಂಭೀರ ಪುಸ್ತಕ ಬರೆದ ಕ್ಯಾರಲ್ ಕ್ಲೋವರ್ ಮೂಲತಃ ಹಳೆಯ ನಾರ್ಡಿಕ್ ವೀರಗಾಥೆಗಳ ವಿದ್ವಾಂಸೆ. ನಮ್ಮಲ್ಲಿ ಪಂಪ ರನ್ನರನ್ನು ಪಾಠ ಮಾಡುವ ಪ್ರಾಧ್ಯಾಪಕಿಯೊಬ್ಬರು ಟೆಂಟ್ ಸಿನಿಮಾದ ಮೇಲೆ ಪುಸ್ತಕ ಬರೆದ ಹಾಗೆ. ಆಕೆ ಗಮನಿಸಿದ ಮುಖ್ಯ ಸಂಗತಿ, ಚಿತ್ರಮಂದಿರದಲ್ಲಿ ತುಂಬಿದ್ದ ಗಂಡು ಹುಡುಗರು ಕೊನೆಯ ಹೊತ್ತಿಗೆ ಕೊಲೆಗಾರನ ಕಡೆ ಇರುವುದಿಲ್ಲ, ಓಡುತ್ತಿರುವ ಹುಡುಗಿಯ ಕಡೆ ಇರುತ್ತಾರೆ ಎಂಬುದು. ‘ಪ್ರೀತ್ಸೇ’ ನೋಡಿದ ನಮ್ಮ ಟಾಕೀಸನ್ನು ಇದರ ಪಕ್ಕ ಇಟ್ಟು ನೋಡಿ.

ಎರಡನೆಯದು: ಇಂಥ ಸಿನಿಮಾ ನೋಡಿ ಹುಡುಗರು ಕೊಲೆ ಕಲಿಯುತ್ತಾರೆ ಎಂಬುದು. ಪುಣೆಯಲ್ಲಿ ಕೂತು ಈ ಮಾತು ಹೇಳುವವರು ತಮ್ಮ ಊರಿನ ಚರಿತ್ರೆಯನ್ನು ಸ್ವಲ್ಪ ಓದಬೇಕು. 1976ರ ಜನವರಿಯಿಂದ 1977ರ ಮಾರ್ಚಿನವರೆಗೆ ಈ ಊರಿನಲ್ಲಿ ಹತ್ತು ಕೊಲೆಗಳಾದವು. ಮಾಡಿದವರು ತಿಲಕ್ ರಸ್ತೆಯ ಅಭಿನವ ಕಲಾ ಮಹಾವಿದ್ಯಾಲಯದ ಚಿತ್ರಕಲೆಯ ವಿದ್ಯಾರ್ಥಿಗಳು: ಜಕ್ಕಲ್, ಸುತಾರ್, ಜಗತಾಪ್, ಮುನವ್ವರ್ ಶಾ. ಮೊದಲು ಸತ್ತವನು ಅವರ ಕಾಲೇಜಿನವನೇ, ಕಾಲೇಜಿನ ಹಿಂದೆ ಹೊಟೇಲು ನಡೆಸುತ್ತಿದ್ದವರ ಮಗ. ಆಮೇಲೆ ಜೋಶಿ ಮನೆ, ಅಭ್ಯಂಕರ ಮನೆ. ಆ ವರ್ಷ ಪುಣೆಯಲ್ಲಿ ಸಂಜೆಯಾದರೆ ಬೀದಿ ಖಾಲಿಯಾಗುತ್ತಿತ್ತು ಎಂದು ಸದಾಶಿವ ಪೇಟೆಯ ಹಿರಿಯರು ಈಗಲೂ ಹೇಳುತ್ತಾರೆ. ನಾಲ್ವರನ್ನೂ 1983ರಲ್ಲಿ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಇದೆಲ್ಲ ಆರಂಭವಾದಾಗ ‘ಹ್ಯಾಲೋವೀನ್’ ಬರಲು ಇನ್ನೂ ಎರಡು ವರ್ಷವಿತ್ತು. ಕೊಲ್ಲುವವರಿಗೆ ಸಿನಿಮಾದ ಪಾಠ ಬೇಕಾಗಿರಲಿಲ್ಲ.

ಸಿನಿಮಾ ಬೇಕಾದದ್ದು ಉಳಿದವರಿಗೆ. ಮರಾಠಿಯವರು ಆ ಪ್ರಕರಣವನ್ನು ಆಧರಿಸಿ 1986ರಲ್ಲಿ ನಾನಾ ಪಾಟೇಕರ್ ನಟಿಸಿದ ‘ಮಾಫೀಚಾ ಸಾಕ್ಷೀದಾರ್’ ಮಾಡಿದರು. ಅನುರಾಗ್ ಕಶ್ಯಪ್ ಅದೇ ಎಳೆ ಹಿಡಿದು ‘ಪಾಂಚ್’ ಮಾಡಿ, ಸೆನ್ಸಾರಿನ ತಕರಾರಿಗೆ ಸಿಕ್ಕಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರಮಂದಿರಕ್ಕೆ ತರಲಾಗದೆ ಕುಳಿತರು. ನಮ್ಮ ಜೊತೆ ಚಹಾ ಕುಡಿದ ಸಹಪಾಠಿಯೇ ಕೊಲೆಗಾರ ಆಗಿರಬಹುದು ಎಂಬ ಭಯವನ್ನು ಒಂದು ಊರು ಅನುಭವಿಸಿದ ಮೇಲೆ ಅದನ್ನು ಎಲ್ಲಾದರೂ ಇಟ್ಟು ನೋಡಬೇಕಾಗುತ್ತದೆ. ಪತ್ರಿಕೆಯ ವರದಿಯಲ್ಲಿ ಅದು ಹಿಡಿಸುವುದಿಲ್ಲ.

ಮೂರನೆಯದು, ನಮ್ಮ ಸಾಹಿತ್ಯದ ಗೆಳೆಯರ ಪ್ರಿಯವಾದ ಆಕ್ಷೇಪ: ಇದು ನಮ್ಮ ಸಂಸ್ಕೃತಿಯಲ್ಲ. ವಿಜಯಪುರ, ಬಾಗಲಕೋಟೆ ಕಡೆಯವನಿಗೆ ಈ ಮಾತು ಹೇಳಬೇಡಿ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಆಡದ ಊರು ನಮ್ಮಲ್ಲಿ ಎಷ್ಟಿವೆ? ಜಾತ್ರೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ನೋಡಿದ ನಾಟಕ ಅದು. ಅದರ ಮೂಲ ಮಹಾಭಾರತದ ಸೌಪ್ತಿಕ ಪರ್ವ. ಅಲ್ಲಿ ಏನಿದೆ? ಯುದ್ಧ ಮುಗಿದಿದೆ. ಆಲದ ಮರದ ಮೇಲೆ ಮಲಗಿದ್ದ ಕಾಗೆಗಳನ್ನು ಒಂದು ಗೂಗೆ ಕತ್ತಲಲ್ಲಿ ಬಂದು ಒಂದೊಂದಾಗಿ ಕೊಲ್ಲುವುದನ್ನು ಅಶ್ವತ್ಥಾಮ ನೋಡುತ್ತಾನೆ. ನೋಡಿ, ಪಾಂಡವರ ಪಾಳೆಯಕ್ಕೆ ಹೋಗುತ್ತಾನೆ. ಮಲಗಿದ್ದ ಧೃಷ್ಟದ್ಯುಮ್ನನನ್ನು ಶಸ್ತ್ರವನ್ನೂ ಬಳಸದೆ ತುಳಿದೇ ಕೊಲ್ಲುತ್ತಾನೆ. ಡೇರೆಯಿಂದ ಡೇರೆಗೆ ಹೋಗಿ ದ್ರೌಪದಿಯ ಐದು ಮಕ್ಕಳನ್ನು ಮುಗಿಸುತ್ತಾನೆ. ಹೆದರಿ ಓಡಿಬಂದವರನ್ನು ಕೊಲ್ಲಲು ಬಾಗಿಲಲ್ಲಿ ಕೃಪ, ಕೃತವರ್ಮ ನಿಂತಿದ್ದಾರೆ. ತಪ್ಪಿಸಿಕೊಂಡ ಒಬ್ಬ ಸಾರಥಿ ಬಂದು ಸುದ್ದಿ ಹೇಳುತ್ತಾನೆ. ಮಲಗಿದ್ದ ಎಳೆಯರು, ಒಂದೇ ಜಾಗ, ಒಂದೇ ರಾತ್ರಿ, ಮುಚ್ಚಿದ ಬಾಗಿಲು, ಬದುಕಿ ಬಂದ ಒಬ್ಬ ಸಾಕ್ಷಿ. ಹಾಲಿವುಡ್ಡಿನವರು ಇದಕ್ಕೆ ಸೇರಿಸಿದ್ದು ಬಿಳಿ ಬಣ್ಣದ ಮುಖವಾಡ ಒಂದನ್ನೇ. ವ್ಯಾಸರು ಮಾಡಿದರೆ ಇತಿಹಾಸ, ಕಂದಗಲ್ಲರು ಮಾಡಿದರೆ ರಂಗಭೂಮಿ, ಬಡ ನಿರ್ಮಾಪಕ ಮಾಡಿದರೆ ಮಾತ್ರ ಮನೋವಿಕೃತಿ ಎನ್ನುವ ತೀರ್ಪಿನಲ್ಲಿ ನನಗೆ ತರ್ಕ ಕಾಣುವುದಿಲ್ಲ.

ಕನ್ನಡದ ಓದುಬಲ್ಲವರಿಗೆ ಈ ರೋಗ ಹೊಸದೂ ಅಲ್ಲ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು, ಬಾಡಿಗೆಗೆ ತಂದು ಓದಿದ ಲಕ್ಷಾಂತರ ಜನಕ್ಕೆ ಕನ್ನಡ ಓದುವ ಚಟ ಹತ್ತಿದ್ದು ಅವರಿಂದ. ನಾವು ಅವರಿಗೆ ಕೊಟ್ಟದ್ದು ‘ಪತ್ತೇದಾರಿ ನರಸಿಂಹಯ್ಯ’ ಎಂಬ ಒಂದು ನಗು. ಇಂದು ಓದುಗರೆಲ್ಲಿ ಹೋದರು ಎಂದು ವಿಚಾರಸಂಕಿರಣ ಮಾಡುವವರೂ ನಾವೇ.

ಕನ್ನಡದಲ್ಲಿ ಈ ದಾರಿಯ ಸಿನಿಮಾ ಇರಲೇ ಇಲ್ಲವೆಂದಲ್ಲ, ಒಂದು ಸಣ್ಣ ಪರಂಪರೆಯೇ ಇದೆ. ಕಾಶೀನಾಥ್ 1978ರಲ್ಲಿ, ‘ಹ್ಯಾಲೋವೀನ್’ ಬಂದ ಅದೇ ವರ್ಷ, ಸುರೇಶ ಹೆಬ್ಳೀಕರ್, ಶೋಭಾ ಇವರನ್ನು ಇಟ್ಟುಕೊಂಡು ‘ಅಪರಿಚಿತ’ ಮಾಡಿದರು. ಅವರ ಗರಡಿಯಲ್ಲಿ ಬೆಳೆದ ಉಪೇಂದ್ರ 1993ರಲ್ಲಿ ‘ಶ್!’ ಮಾಡಿದರು: ದೆವ್ವದ ಸಿನಿಮಾ ತೆಗೆಯಲು ಹೋದ ಒಂದು ಚಿತ್ರತಂಡದ ಸುತ್ತ ನಡೆಯುವ ಕೊಲೆಗಳ ಕಥೆ. ಮುಖ್ಯ ಪಾತ್ರದಲ್ಲಿ ಕುಮಾರ್ ಗೋವಿಂದ್, ಸಂಗೀತ ಆಗ ಹೊಸಬರಾಗಿದ್ದ ಸಾಧು ಕೋಕಿಲ. ಸ್ಟಾರ್ ಇಲ್ಲ, ಬಜೆಟ್ಟಿಲ್ಲ. ಆಗ ಹೈಸ್ಕೂಲಿನಲ್ಲಿದ್ದ ನಾವು ವಾರಗಟ್ಟಲೆ ಅದರ ಮಾತೇ ಆಡಿದೆವು. ಸಿನಿಮಾದೊಳಗೆ ಸಿನಿಮಾ ತೆಗೆಯುವವರನ್ನೇ ಕೊಲ್ಲುವ ಜಾಣತನಕ್ಕೆ ಹಾಲಿವುಡ್ ‘ಸ್ಕ್ರೀಮ್’ ಸರಣಿಯಲ್ಲಿ ಬಂದು ಮುಟ್ಟಿದ್ದು ವರ್ಷಗಳ ನಂತರ. ಇದೇ ಉಪೇಂದ್ರ ಮುಂದೆ ‘ಪ್ರೀತ್ಸೇ’ಯಲ್ಲಿ ಬೆನ್ನು ಬೀಳುವವನಾಗಿ ಶಿಳ್ಳೆ ಗಿಟ್ಟಿಸಿದರು. ಅವರಿಗೆ ಸ್ಟಾರ್ ಪಟ್ಟ ಸಿಕ್ಕಿತು, ಕನ್ನಡ ಸಿನಿಮಾ ಒಬ್ಬ ಹೆದರಿಸಬಲ್ಲ ನಿರ್ದೇಶಕನನ್ನು ಆ ಹಾದಿಯಿಂದ ಕಳೆದುಕೊಂಡಿತು.

ಇಪ್ಪತ್ತು ವರ್ಷದ ಮೇಲೆ, 2013ರ ನವೆಂಬರಿನಲ್ಲಿ ಕೆ.ಎಸ್. ಅಶೋಕ ಅವರ ‘6-5=2’ ಬಂತು. ಚಾರಣಕ್ಕೆ ಹೋದ ಆರು ಗೆಳೆಯರು, ಸಿಕ್ಕಿದ ಕ್ಯಾಮರಾದ ತುಣುಕುಗಳೇ ಸಿನಿಮಾ ಎಂಬ ಉಪಾಯ, ಅಲುಗಾಡುವ ಚಿತ್ರ, ಹೆಸರು ಕೇಳದ ನಟರು. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನ ಪಡಿಯಚ್ಚು ಎಂದು ವಿಮರ್ಶಕರು ಹೇಳಿದ್ದು ಸರಿಯೇ. ಆದರೂ ಅದು ಓಡಿತು, ಮರುವರ್ಷವೇ ಹಿಂದಿಗೆ ಹೋಯಿತು. ಅದರ ಮಾತನ್ನು ಗಮನಿಸಿ: ಬೆಂಗಳೂರಿನ ಹುಡುಗರು ಆಡುವ ನಿಜವಾದ ಕನ್ನಡ, ಪರಸ್ಪರ ಬೈಗುಳ, ದಣಿವು, ನೀರಿಗಾಗಿ ಜಗಳ. ಹೀರೋ ಇಲ್ಲದ್ದರಿಂದ ಸಂಭಾಷಣೆಯೂ ಹೀರೋಗಾಗಿ ಬರೆದದ್ದಲ್ಲ.

‘ನಾಳೆ ಬಾ’ ಎಂಬುದನ್ನು ನೆನೆಸಿಕೊಳ್ಳಿ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲ ಮೇಲೆ ಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದ ಎರಡು ಶಬ್ದ. ರಾತ್ರಿ ಬಾಗಿಲು ಬಡಿಯುವ ದೆವ್ವ ಓದಿ ವಾಪಸು ಹೋಗಲಿ ಎಂದು. ಓದಲು ಬರುವ, ಅದೂ ಕನ್ನಡ ಓದಲು ಬರುವ ದೆವ್ವ! ಇಂಥ ಕಥೆ ಜಗತ್ತಿನಲ್ಲಿ ಯಾರಿಗೆ ಸಿಕ್ಕೀತು? ನಾವು ಅದನ್ನು ಮೂಢನಂಬಿಕೆ ಎಂದು ಬದಿಗಿಟ್ಟೆವು. 2018ರಲ್ಲಿ ಹಿಂದಿಯವರು ಅದನ್ನು ಚಂದೇರಿಗೆ ಒಯ್ದು ‘ಸ್ತ್ರೀ’ ಮಾಡಿ ಗೆದ್ದರು. ನಮ್ಮ ಭಯಕ್ಕೆ ಬೆಲೆ ಕಟ್ಟಿದವರು ಬೇರೆಯವರು.

ಹಾಗಾದರೆ ಏನಾಗಬೇಕು? ಕನ್ನಡದಲ್ಲಿ ಇನ್ನೂ ಒಂದು ಗಟ್ಟಿಯಾದ ಹೈಸ್ಕೂಲು ಸ್ಲ್ಯಾಶರ್ ಬಂದಿಲ್ಲ. ನಮ್ಮಲ್ಲಿ ಶಾಲೆಯ ಸಿನಿಮಾ ಎಂದರೆ ಒಂದೋ ಪ್ರಶಸ್ತಿಗೆ ಹೋಗುವ ಮಕ್ಕಳ ಚಿತ್ರ, ಅದರಲ್ಲಿ ಮಗು ದೊಡ್ಡವರಿಗೆ ನೀತಿ ಹೇಳುತ್ತದೆ. ಇಲ್ಲವೇ ಹಳೆಯ ನೆನಪಿನ ಸಿಹಿ, ಅದರಲ್ಲಿ ಹತ್ತನೆಯ ತರಗತಿಯ ಪ್ರೇಮ. ಶಾಲೆಯಲ್ಲಿ ಭಯವೂ ಇತ್ತು ಎಂದು ಯಾರೂ ಹೇಳುವುದಿಲ್ಲ. ಕೆನಡಾದವರ ‘ಪ್ರಾಮ್ ನೈಟ್’ (1980) ನೋಡಿ: ಮಕ್ಕಳ ಆಟದಲ್ಲಿ ಒಬ್ಬ ಹುಡುಗಿ ಸಾಯುತ್ತಾಳೆ, ಜೊತೆಗಿದ್ದವರು ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡುತ್ತಾರೆ, ವರ್ಷಗಳ ನಂತರ ಶಾಲೆಯ ಕುಣಿತದ ರಾತ್ರಿ ಲೆಕ್ಕ ಚುಕ್ತಾ ಆಗುತ್ತದೆ. ಇದನ್ನು ನಮ್ಮ ಗ್ಯಾದರಿಂಗಿಗೆ ತನ್ನಿ. ಎಸ್ಸೆಸ್ಸೆಲ್ಸಿಯವರ ಸೆಂಡ್-ಆಫ್. ಒಂದು ಸರಕಾರಿ ಹೈಸ್ಕೂಲು, ಕರೆಂಟು ಹೋಗಿಬರುವ ರಾತ್ರಿ, ವಿ‍ಶೇಷ ತರಗತಿಗೆಂದು ಉಳಿದ ಏಳೆಂಟು ಮಕ್ಕಳು, ಬೀಗ ಹಾಕಿದ ಪ್ರಯೋಗಾಲಯ, ಹಿಂದಿನ ವರ್ಷ ‘ಹೊಟ್ಟೆನೋವು ತಾಳಲಾರದೆ’ ಸತ್ತಳು ಎಂದು ಬರೆದು ಮುಗಿಸಿದ ಒಬ್ಬ ಹುಡುಗಿ. ಯಾರು ಯಾರಿಗೆ ಏನು ಮಾಡಿದ್ದರು, ಯಾವ ಸರ್ ಸುಮ್ಮನಿದ್ದರು, ಯಾವ ಬೆಂಚಿನವರಿಗೆ ಯಾರ ಡಬ್ಬಿಯ ಊಟ ನಡೆಯುತ್ತಿರಲಿಲ್ಲ ಎಂಬುದೆಲ್ಲ ಆ ಒಂದು ರಾತ್ರಿಯಲ್ಲಿ ಹೊರಬರಬಹುದು. ಸೆಟ್ಟು ಬೇಕಿಲ್ಲ, ಬೇಸಿಗೆ ರಜೆಯಲ್ಲಿ ಕಟ್ಟಡ ಖಾಲಿ. ಸ್ಟಾರ್ ಬೇಕಿಲ್ಲ, ಬಂದರೆ ಸಿನಿಮಾ ಕೆಡುತ್ತದೆ. ನಾನು ನೋಡಿದ ಯಾವ ಪ್ರಾಜೆಕ್ಟೂ ದುಡ್ಡು ಕಡಿಮೆಯಾಯಿತು ಎಂದೇ ಹಾಳಾಗಿಲ್ಲ. ಹಾಳಾದವು ಏನು ಬೇಡ ಎಂದು ಯಾರೂ ತೀರ್ಮಾನಿಸದ್ದರಿಂದ. ಸ್ಲ್ಯಾಶರಿನಲ್ಲಿ ಆ ತೀರ್ಮಾನವನ್ನು ಬಡತನವೇ ಮಾಡಿ ಕೊಟ್ಟಿರುತ್ತದೆ.

ಸರ್ಟಿಫಿಕೇಟಿನ ತೊಡಕಿಗೂ ಈಗ ದಾರಿಯಿದೆ. 2024ರ ನಿಯಮಗಳ ಪ್ರಕಾರ ಯುಎ ಎಂಬುದು 7+, 13+, 16+ ಎಂದು ಮೂರಾಗಿದೆ. ಹದಿನಾರರ ಹುಡುಗಿಯ ಭಯದ ಸಿನಿಮಾವನ್ನು ಹದಿನಾರರ ಹುಡುಗಿ ನೋಡಬಾರದು ಎಂಬ ಹಳೆಯ ವಿಚಿತ್ರಕ್ಕೆ ಕೊನೆ ಹಾಡಬಹುದು, ಕೊಲೆಯನ್ನು ಕೊಲೆಯಾಗಿ ತೋರಿಸುವ ಸಂಯಮ ನಿರ್ದೇಶಕನಿಗೆ ಇದ್ದರೆ. ರಾಜ್ಯ ಪ್ರಶಸ್ತಿಯ ಸಮಿತಿಯವರು ಮಕ್ಕಳ ಚಿತ್ರಕ್ಕೆ ಒಂದು ಪೀಠ ಇಟ್ಟ ಹಾಗೆ ಹದಿಹರೆಯದವರ ಚಿತ್ರಕ್ಕೂ ಒಂದು ಮಣೆ ಹಾಕಲಿ. ನಮ್ಮಂಥ ಪತ್ರಿಕೆಯವರು ಇಂಥ ಸಿನಿಮಾ ಬಂದರೆ ‘ಮತ್ತೊಂದು ರಕ್ತಪಾತ’ ಎಂದು ಎರಡು ಸಾಲು ಬರೆದು ಕೈತೊಳೆಯದೆ, ಒಂದು ಕಾದಂಬರಿಗೆ ಕೊಡುವಷ್ಟು ಜಾಗ ಕೊಟ್ಟು, ಕೆಟ್ಟದಿದ್ದರೆ ಯಾಕೆ ಕೆಟ್ಟದು ಎಂದು ಹೇಳಲಿ. ಕೆಟ್ಟವು ಬರುತ್ತವೆ, ಬಹಳ ಬರುತ್ತವೆ. ನವ್ಯಕಾವ್ಯದಲ್ಲಿಯೂ ಬಂದಿದ್ದವು.

ಯಾರಾದರೂ ಮಾಡಿದರೆ ಪುಣೆಯಲ್ಲಿ ಒಂದು ಆಟ ಹಾಕಿಸುವ ಜವಾಬ್ದಾರಿ ನನ್ನದು. ಮಕ್ಕಳನ್ನು ಕರೆದುಕೊಂಡು ಬನ್ನಿ, ಅದರಲ್ಲೂ ಗಂಡುಮಕ್ಕಳನ್ನು. ಓಡುತ್ತಿರುವ ಹುಡುಗಿಯ ಕಡೆ ನಿಂತು ಒಂದೂವರೆ ತಾಸು ಹೆದರುವುದು ಏನೆಂದು ಅವರಿಗೂ ತಿಳಿಯಲಿ. ಮನೆಗೆ ಬಂದ ಮೇಲೆ ಮಗಳು ‘ಟ್ಯೂಶನ್ ದಾರಿಯಲ್ಲಿ ಯಾರೋ ಹಿಂದೆ ಬರುತ್ತಾರೆ’ ಅಂದರೆ, ಟಿವಿಯ ಧ್ವನಿ ಕಡಿಮೆ ಮಾಡಿ ಅವಳ ಮಾತನ್ನು ಪೂರ್ತಿ ಕೇಳಿ.